ಲೈನ್‌ಮನ್ ಪಾಲಯ್ಯನವರ ಆರು ನಿಮಿಷ

ಮಧ್ಯಾಹ್ನ ಮೂರು ಗಂಟೆ ಹನ್ನೆರಡು ನಿಮಿಷಕ್ಕೆ ನಾನು ದೂರಿನ ಗುಂಡಿ ಒತ್ತಿದೆ. ‘ನಿಮ್ಮ ದೂರು ಸ್ವೀಕರಿಸಲಾಗಿದೆ’ ಎಂಬ ಸಂದೇಶ ಈಗಲೂ ನನ್ನ ಫೋನಿನಲ್ಲಿದೆ, ಪಕ್ಕದಲ್ಲಿ ಆ ಹೊತ್ತೂ ಇದೆ. ಅಳಿಸಬೇಕೆಂದು ಎಷ್ಟೋ ಸಲ ಬೆರಳಿಟ್ಟು ತೆಗೆದಿದ್ದೇನೆ. ಅವತ್ತು ಪಾಲಯ್ಯನವರು ಚಳ್ಳಕೆರೆಯಲ್ಲಿ ಇದ್ದಿದ್ದರೆ ನಾನು ಅದನ್ನು ಒತ್ತುತ್ತಿರಲಿಲ್ಲ. ಒತ್ತಿದ್ದರೂ, ಅದಕ್ಕೆ ಮೊದಲು ಮಾಡಬೇಕಾದ ಒಂದು ಕೆಲಸ ಮಾಡಿಯೇ ಒತ್ತುತ್ತಿದ್ದೆ.

ಪಾಲಯ್ಯ ನಮ್ಮ ಎದುರುಮನೆಯವರು. ಬದುಕಿನ ಬಹುಪಾಲನ್ನು ವಿದ್ಯುತ್ ಕಂಬಗಳ ಮೇಲೆ ಕಳೆದು ನಿವೃತ್ತರಾದ ಲೈನ್‌ಮನ್. ತೆಳ್ಳಗೆ, ಉದ್ದಕ್ಕೆ, ಸ್ವಲ್ಪ ಹಿಂದಕ್ಕೆ ಬಾಗಿದಂತೆ ನಿಲ್ಲುತ್ತಿದ್ದರು. ಸೊಂಟದ ಪಟ್ಟಿ ಕಟ್ಟಿಕೊಂಡು ಕಂಬಕ್ಕೆ ಒರಗಿ ಕೆಲಸ ಮಾಡಿದವರ ನಿಲುವು ಅದು, ನೆಲಕ್ಕೆ ಇಳಿದ ಮೇಲೂ ಹೋಗುವುದಿಲ್ಲ. ಅವರು ಯಾವುದನ್ನೂ ಮೊದಲು ಅಂಗೈಯಿಂದ ಮುಟ್ಟಿದ್ದನ್ನು ನಾನು ನೋಡಿಲ್ಲ. ಗೇಟು, ನಲ್ಲಿ, ಹಾಲಿನ ಕ್ಯಾನು, ಬಸ್ಸಿನ ಸರಳು, ಯಾವುದೇ ಇರಲಿ, ಬೆರಳುಗಳ ಹಿಂಬದಿಯನ್ನು ಒಮ್ಮೆ ತಾಗಿಸಿ ನೋಡಿ ಆಮೇಲೆ ಹಿಡಿಯುವರು. ಕರೆಂಟು ಹೊಡೆದರೆ ಕೈ ತಾನಾಗಿ ಮುಷ್ಟಿ ಬಿಗಿಯುತ್ತದೆ. ಅಂಗೈ ತಾಗಿದ್ದರೆ ತಂತಿಯನ್ನೇ ಹಿಡಿದುಬಿಡುತ್ತದೆ, ಹಿಂಗೈ ತಾಗಿದ್ದರೆ ದೂರ ಸರಿಯುತ್ತದೆ. ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುವ ನನಗೆ ಇದನ್ನು ತಿಳಿಸಿಕೊಟ್ಟವರು ಅವರು. ಅವರ ಹೆಂಡತಿ ಅಂಜಿನಮ್ಮ ಮಾತ್ರ ಈ ಅಭ್ಯಾಸವನ್ನು ಎಂದೂ ಕ್ಷಮಿಸಲಿಲ್ಲ. “ಧಾರೆ ಎರೆಯೋ ಹೊತ್ನಾಗೂ ನನ್ನ ಕೈನ ಹಿಂಗೇ ತಟ್ಟಿ ನೋಡಿದ್ರಮ್ಮ, ಕರೆಂಟು ಐತೇನೋ ಅಂತ,” ಎಂದು ಬಂದವರ ಮುಂದೆಲ್ಲ ಹೇಳುವರು. ಪಾಲಯ್ಯ ತಲೆಯೆತ್ತದೆ, “ಇತ್ತಲ್ಲ ಮತ್ತೆ,” ಎನ್ನುವರು.

ನಿವೃತ್ತರಾದ ಮೇಲೆ ಅವರು ಹಿಡಿದ ಕೆಲಸ ಊರಿಗೆಲ್ಲ ವಿಚಿತ್ರವಾಗಿ ಕಂಡಿತ್ತು. ಚುನಾವಣೆ ಬಂತೆಂದರೆ ಬೆಳಗಿನ ಹೊತ್ತು ಸೈಕಲ್ ಹತ್ತಿ ಹೊರಡುವರು. ಕರೆಂಟಿನ ಕಂಬಕ್ಕೆ ಯಾರಾದರೂ ಪ್ರಚಾರದ ಫ್ಲೆಕ್ಸು, ಬಾವುಟ, ಬ್ಯಾನರು ಕಟ್ಟಿದ್ದರೆ ಆ ಕಂಬದ ನಂಬರನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ತಾಲ್ಲೂಕು ಕಚೇರಿಯ ಚುನಾವಣಾ ಶಾಖೆಗೆ ದೂರು ಕೊಡುವರು. ಆ ದೂರುಗಳಲ್ಲಿ ಪಕ್ಷದ ಹೆಸರಾಗಲಿ ಅಭ್ಯರ್ಥಿಯ ಹೆಸರಾಗಲಿ ಇರುತ್ತಿರಲಿಲ್ಲ. ‘ಇಂಥ ನಂಬರಿನ ಕಂಬಕ್ಕೆ ಕಬ್ಬಿಣದ ಚೌಕಟ್ಟು ಬಿಗಿದಿದ್ದಾರೆ, ತೆಗೆಸುವುದು’, ಅಷ್ಟೆ. ಗೋಡೆಗೆ ಅಂಟಿಸಿದ್ದು, ಮರಕ್ಕೆ ಹೊಡೆದಿದ್ದು ಅವರ ಲೆಕ್ಕಕ್ಕೆ ಇಲ್ಲ. ಯಾಕೆ ಎಂದು ಒಮ್ಮೆ ಕೇಳಿದ್ದಕ್ಕೆ, “ಗೋಡೆ ಯಾರನ್ನೂ ಹೊಡಿಯಲ್ಲ ಮೇಷ್ಟ್ರಮ್ಮ,” ಎಂದರು.

ಅವರ ಜೊತೆ ಕೆಲಸಕ್ಕೆ ಸೇರಿದ್ದ ಬೋರಯ್ಯ ಎನ್ನುವವರು ಹೀಗೆ ಕಟ್ಟಿ ಬಿಟ್ಟ ಬ್ಯಾನರಿನ ತಂತಿ ತಗುಲಿ ಕಂಬದ ಮೇಲೆಯೇ ತೀರಿಕೊಂಡಿದ್ದರಂತೆ. ಇದನ್ನು ಹೇಳಿದ್ದು ಅಂಜಿನಮ್ಮ. ಪಾಲಯ್ಯ ನನ್ನ ಮುಂದೆ ಬೋರಯ್ಯನ ಹೆಸರೆತ್ತಿದ್ದು ಒಂದೇ ಸಲ, ಅದೂ ಅವನು ಎಷ್ಟು ಚೆನ್ನಾಗಿ ಮುದ್ದೆ ತೊಳಸುತ್ತಿದ್ದ ಎಂದು ಹೇಳುವುದಕ್ಕೆ.

ಎಲ್ಲ ಪಕ್ಷದವರೂ ಅವರನ್ನು ಎದುರು ಪಕ್ಷದ ಮನುಷ್ಯ ಎಂದೇ ತಿಳಿದಿದ್ದರು. ಒಮ್ಮೆ ನಾಲ್ಕೈದು ಜನ ಜೀಪಿನಲ್ಲಿ ಬಂದು ಅವರ ಜಗಲಿಯ ಮುಂದೆ ನಿಂತರು. ಯಾವನ ಕಡೆಯೋನು ನೀನು, ಎಷ್ಟು ಕೊಟ್ಟವನೆ ಎಂದೆಲ್ಲ ಜೋರು ಮಾಡಿದರು. ಪಾಲಯ್ಯ ಒಳಗೆ ಹೋಗಿ ನೋಟ್‌ಬುಕ್ಕು ತಂದು, ಅವರಲ್ಲಿ ಹಿರಿಯನ ಕೈಗೇ ಕೊಟ್ಟರು. ಅವನು ಹಾಳೆ ತಿರುವಿದ. ಬರೀ ನಂಬರು.

“ಇದ್ರಾಗೆ ನಮ್ದು ಯಾವ್ದು, ಅವರ್ದು ಯಾವ್ದು?” ಎಂದ ಅವನು.

“ನಂಗೇನು ಗೊತ್ತಪ್ಪ. ನನಗೆ ಬಾವುಟ ಕಾಣಲ್ಲ, ಕಂಬ ಕಾಣ್ತೈತೆ,” ಎಂದರು ಪಾಲಯ್ಯ.

ಬಂದವರು ಮಜ್ಜಿಗೆ ಕುಡಿದು ಹೋದರು. ಅದಕ್ಕಿಂತ ಕಷ್ಟವಾದದ್ದು ಅವರ ಸ್ವಂತ ತಂಗಿಯ ಗಂಡ ಬ್ಯಾನರು ಕಟ್ಟಿಸಿದಾಗ. ಆ ಕಂಬದ ನಂಬರನ್ನೂ ಬರೆದರು. ತಂಗಿಯ ಮನೆಯವರು ಎರಡು ವರ್ಷ ಹಬ್ಬಕ್ಕೆ ಕರೆಯಲಿಲ್ಲ. ಆಂಧ್ರದ ಗಡಿಯ ಊರಿನಿಂದ ಬಂದ ಅಂಜಿನಮ್ಮನಿಗೆ ಸಿಟ್ಟು ಬಂದರೆ ತೆಲುಗು ಬರುತ್ತಿತ್ತು. “ಉಜ್ಜೋಗಂ ಅಯಿಪೋಯಿಂದಿ, ಈಯನ ಕಂಬಂ ದಿಗಲೇದು,” ಎಂದು ಒಲೆಯ ಮುಂದೆ ಕೂತು ಹೇಳಿಕೊಳ್ಳುವರು. ನೌಕರಿ ಮುಗಿದರೂ ಈ ಮನುಷ್ಯ ಕಂಬ ಇಳಿದಿಲ್ಲ ಎಂದು.

ಹೋದ ಚುನಾವಣೆಯಿಂದ ನಾನೂ ಈ ಕೆಲಸಕ್ಕೆ ಸೇರಿಕೊಂಡಿದ್ದೆ. ಫೋಟೊ ತೆಗೆದು ಕಳಿಸಿದರೆ ನೂರು ನಿಮಿಷದೊಳಗೆ ಕ್ರಮ ಎನ್ನುವ ಸರ್ಕಾರಿ ಆ್ಯಪ್ ಬಂದಿತ್ತು. ಪಾಲಯ್ಯನವರ ಗುಂಡಿ ಫೋನಿನಲ್ಲಿ ಅದು ಆಗುತ್ತಿರಲಿಲ್ಲ. ಅವರು ಹೇಳುವುದು, ನಾನು ಒತ್ತುವುದು. ಆದರೆ ಒತ್ತುವ ಮೊದಲು ಅವರದೊಂದು ಕ್ರಮವಿತ್ತು. ಮೊದಲು ವಿದ್ಯುತ್ ಕಚೇರಿಗೆ ಫೋನು ಮಾಡಿ, ಇಂಥ ಕಂಬದಲ್ಲಿ ಹೀಗಿದೆ, ತೆಗೆಯುವಾಗ ನಿಮ್ಮ ಮನುಷ್ಯನೇ ಇರಬೇಕು, ಲೈನ್ ಕ್ಲಿಯರ್ ತೆಗೆದುಕೊಂಡೇ ಹತ್ತಬೇಕು ಎಂದು ಹೇಳಿ ಒಪ್ಪಿಸುವರು. ಅದಾದ ಮೇಲೆಯೇ ಚುನಾವಣೆಯವರಿಗೆ ದೂರು. “ಮೊದ್ಲು ಕರೆಂಟಿನೋರು, ಆಮೇಲೆ ಓಟಿನೋರು,” ಎನ್ನುವರು.

ಲೈನ್ ಕ್ಲಿಯರ್ ಎಂದರೆ ಏನೆಂದು ಅವರು ನನಗೆ ವಿವರಿಸಿದ್ದರು. ಕಂಬ ಹತ್ತುವವನು ವಿದ್ಯುತ್ ಸ್ಟೇಷನ್ನಿಗೆ ಫೋನು ಮಾಡಿ ಲೈನು ಬಂದ್ ಮಾಡಲು ಕೇಳುತ್ತಾನೆ. ಅಲ್ಲಿರುವ ಆಪರೇಟರ್ ಸ್ವಿಚ್ಚು ತೆಗೆದು ಒಂದು ನಂಬರು ಕೊಡುತ್ತಾನೆ. ಕೇಳಿದವನು ಅದನ್ನು ಬರೆದುಕೊಂಡು, ತಿರುಗಿ ಓದಿ ಹೇಳಬೇಕು. ಕೆಲಸ ಮುಗಿದ ಮೇಲೆ, ತೆಗೆದುಕೊಂಡವನೇ ತನ್ನ ಬಾಯಿಂದ ಅದನ್ನು ವಾಪಸ್ಸು ಕೊಡಬೇಕು. ಅವನ ಅಣ್ಣ ಹೇಳಿದರೂ ನಡೆಯುವುದಿಲ್ಲ, ಮೇಲಧಿಕಾರಿ ಹೇಳಿದರೂ ನಡೆಯುವುದಿಲ್ಲ. ನಾನು ಇದನ್ನೆಲ್ಲ ಕುತೂಹಲದಿಂದ ಕೇಳಿದ್ದೆ. ಕೇಳಿ, ಕಚೇರಿಯ ಕಾಗದಪತ್ರದ ಕೆಲಸವೆಂದು ಬಿಟ್ಟಿದ್ದೆ.

ಅವತ್ತು ಪಾಲಯ್ಯ ಮೊಳಕಾಲ್ಮುರಿಗೆ ಹೋಗಿದ್ದರು. ಅಲ್ಲಿ ಅವರ ಮಗಳು ಅಳಿಯ ರೇಷ್ಮೆ ಸೀರೆ ನೇಯುತ್ತಾರೆ. ಮಗಳಿಗೆ ಅವಳಿ ಮಕ್ಕಳಾಗಿದ್ದರಿಂದ ಅವರ ಪಕ್ಕದಲ್ಲೇ ತಾವೂ ಹೋಗಿ ಇರಲು ಒಂದು ಬಾಡಿಗೆ ಮನೆ ನೋಡುವುದಿತ್ತು. ನಾನು ಕಾಲೇಜು ಮುಗಿಸಿ ಸ್ಕೂಟರಿನಲ್ಲಿ ಗೆಳತಿಯ ತೋಟಕ್ಕೆಂದು ಪರಶುರಾಂಪುರದ ರಸ್ತೆಯಲ್ಲಿ ಹೊರಟಿದ್ದೆ. ಊರು ಮುಗಿದು ಶೇಂಗಾ ಹೊಲ ಶುರುವಾಗುವಲ್ಲಿ, ಬಸ್ಸಿನ ಟಾಪಿನ ಮೇಲೆ ಕೂತವರಿಗೂ ಕಾಣುವಷ್ಟು ಎತ್ತರಕ್ಕೆ, ಕಬ್ಬಿಣದ ಚೌಕಟ್ಟಿಗೆ ಹಾಕಿ ಕಂಬಕ್ಕೆ ಬಿಗಿದ ಫ್ಲೆಕ್ಸು ಕಂಡಿತು. ಕೈಮುಗಿದ ಅಭ್ಯರ್ಥಿಯ ತಲೆ ತಂತಿಗೆ ಮೊಳದಷ್ಟು ದೂರದಲ್ಲಿತ್ತು. ಗಾಡಿ ನಿಲ್ಲಿಸಿದೆ, ಫೋಟೊ ತೆಗೆದೆ, ಒತ್ತಿದೆ. ಪಾಲಯ್ಯನವರಿಲ್ಲದೆ ನಾನೇ ಮಾಡಿದೆ ಎಂಬ ಹೆಮ್ಮೆ ಬೇರೆ.

ನಿಜವಾಗಿ ಬರುತ್ತಾರೋ ನೋಡೋಣವೆಂದು ಹೊಂಗೆ ಮರದ ನೆರಳಿನಲ್ಲಿ ನಿಂತೆ. ಅರ್ಧ ಗಂಟೆಗೆ ಚುನಾವಣಾ ತಂಡದ ಜೀಪು ಬಂತು. ಅಧಿಕಾರಿ ಪಕ್ಷದವರಿಗೆ ಫೋನು ಮಾಡಿ, ವೀಕ್ಷಕರು ಇದೇ ದಾರಿಯಲ್ಲಿ ಬರುವವರಿದ್ದಾರೆ, ಈಗಲೇ ತೆಗೆಸದಿದ್ದರೆ ಕೇಸು ಎಂದರು. ಹತ್ತು ನಿಮಿಷದಲ್ಲಿ ಬಿಳಿ ಅಂಗಿಯ ಮುಖಂಡನೊಬ್ಬ ಬೈಕಿನಲ್ಲಿ ಬಂದ. ಹಿಂದೆಯೇ ಕಬ್ಬಿಣದ ಏಣಿ ಹೇರಿಕೊಂಡ ಆಟೋದಲ್ಲಿ ಸಾದಿಕ್ ಬಂದ. ಊರಿನ ಅರ್ಧ ಫ್ಲೆಕ್ಸು ಕಟ್ಟುವವನು ಅವನೇ. ನಲವತ್ತು ದಾಟಿದ, ನಗುಮುಖದ ಮನುಷ್ಯ, ಅವನ ಹಿರಿಮಗಳು ನಮ್ಮ ಕಾಲೇಜಿನಲ್ಲೇ ಓದುತ್ತಿದ್ದಳು. ಏಣಿ ಒರಗಿಸಿ, ಕಟಿಂಗ್ ಪ್ಲೇಯರ್ ಬಾಯಲ್ಲಿ ಕಚ್ಚಿಕೊಂಡು ಹತ್ತಿದ.

ನಾನು ಪಾಲಯ್ಯನವರಿಗೆ ಫೋನು ಮಾಡಿದೆ. ಅವರು ವಾಪಸ್ಸು ಬರುವ ಬಸ್ಸಿನಲ್ಲಿದ್ದರು, ಅದು ದಾರಿಯ ತಳಕು ಊರನ್ನು ದಾಟಿತ್ತು. ನಾನು ಖುಷಿಯಿಂದ ಎಲ್ಲ ಹೇಳಿದೆ. ಅವರು ಕೇಳಿದ್ದು ಒಂದೇ: “ಲೈನ್ ಕ್ಲಿಯರ್ ಯಾರು ತಗಂಡ್ರು?”

ನಾನು ತಲೆಯೆತ್ತಿ ಏಣಿಯ ಮೇಲೆ ನೋಡಿದೆ.

“ಗಂಟೆ ಎಷ್ಟು?”

ನಾಲ್ಕಕ್ಕೆ ಐದು ನಿಮಿಷ ಎಂದೆ.

“ಅದು ಹೊಲದ ಲೈನು. ಈ ವಾರ ನಾಕಕ್ಕೆ ಕರೆಂಟು ಕೊಡ್ತಾರೆ. ನಾನು ಸ್ಟೇಷನ್ನಿಗೆ ಹೇಳೋಗಂಟ ಅವನ್ನ ಅಲ್ಲಾಡದಂಗೆ ನಿಲ್ಸು. ಚೌಕಟ್ಟು ಬಿಚ್ಚಬಾರ್ದು. ನಾನು ಫೋನ್ ಇಡ್ತೀನಿ.” ಇಟ್ಟೇ ಬಿಟ್ಟರು.

ನಮ್ಮ ಕಡೆ ಪಂಪ್‌ಸೆಟ್ಟಿನ ಲೈನಿಗೆ ಕರೆಂಟು ಸರದಿಯ ಮೇಲೆ ಬರುತ್ತದೆ. ಸರದಿ ಆಗಾಗ ಬದಲಾಗುತ್ತದೆ. ಸಾದಿಕ್ ಬೆಳಿಗ್ಗೆ ಫ್ಲೆಕ್ಸು ಕಟ್ಟುವಾಗ ಲೈನು ಸತ್ತಿತ್ತು. ಹಿಂದಿನ ವಾರದ ಲೆಕ್ಕದಲ್ಲಿ, ಕತ್ತಲಾಗುವವರೆಗೂ ಅದು ಸತ್ತೇ ಇರುತ್ತದೆಂದು ಅವನು ತಿಳಿದಿದ್ದ. ನಾನು ಏಣಿಯ ಬುಡಕ್ಕೆ ಓಡಿದೆ. ಅವನು ಆಗಲೇ ಕೆಳಗಿನ ಎರಡು ಕಟ್ಟು ಕತ್ತರಿಸಿದ್ದ. ಚೌಕಟ್ಟು ಒಂದು ಕಡೆ ವಾಲಿ, ಅವನ ಎಡಗೈ ಅದನ್ನು ಹಿಡಿದಿತ್ತು.

“ಸಾದಿಕ್, ಹಾಗೇ ನಿಲ್ಲಿ. ಕರೆಂಟು ಬರುತ್ತೆ,” ಎಂದೆ.

“ಇಲ್ಲ ಮೇಡಮ್, ಬೆಳಿಗ್ಗೆ ನಾನೇ ಕಟ್ಟೀನಿ. ಕತ್ಲಾಗೋಗಂಟ ಕರೆಂಟಿಲ್ಲ,” ಎಂದ ಅವನು, ಮೂರನೆಯ ಕಟ್ಟಿಗೆ ಕೈ ಹಾಕುತ್ತ.

ಅಧಿಕಾರಿ ಗಡಿಯಾರ ನೋಡಿಕೊಂಡು, ಬೇಗ ಆಗಲಿ ಎಂದರು. ಬಿಳಿ ಅಂಗಿಯವನು ನನ್ನನ್ನು ಕೆಳಗಿನಿಂದ ಮೇಲೆ ನೋಡಿ, “ನೀವ್ಯಾರಮ್ಮ ನಡುವೆ?” ಎಂದ. ಆ ಆ್ಯಪಿನಲ್ಲಿ ದೂರು ಕೊಟ್ಟವರ ಹೆಸರು ಹೊರಗೆ ಬರುವುದಿಲ್ಲ. ನಾನು ಸುಮ್ಮನಿದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಮೂರನೆಯ ಕಟ್ಟು ಬಿಚ್ಚಿದರೆ ಆ ಕಬ್ಬಿಣ ತಂತಿಯ ಕಡೆಗೇ ಬೀಳುತ್ತದೆ ಎನ್ನುವುದನ್ನು ಹೇಳಲು ನನಗೆ ಭೌತಶಾಸ್ತ್ರ ಬೇಕಿರಲಿಲ್ಲ. ಅವನ ಕೈ ನಿಲ್ಲಿಸಲು ಬೇರೇನೂ ತೋಚಲಿಲ್ಲ.

“ದೂರು ಕೊಟ್ಟವಳು ನಾನು,” ಎಂದೆ. “ವಾಪಸ್ ತಗೊಳ್ತೀನಿ. ತೆಗೀಬೇಡಿ.”

ಎಲ್ಲರೂ ನನ್ನ ಕಡೆ ತಿರುಗಿದರು. ದೂರು ಒಮ್ಮೆ ಕೊಟ್ಟರೆ ವಾಪಸ್ಸು ಪಡೆಯಲು ಅವಕಾಶವಿಲ್ಲ ಎಂದು ಅಧಿಕಾರಿ ಗಂಭೀರವಾಗಿ ವಿವರಿಸತೊಡಗಿದರು. ಬಿಳಿ ಅಂಗಿಯವನು ಬಾಯಿ ಮಾಡಲು ಶುರುಮಾಡಿದ. ನಾನು ಯಾರಿಂದ ತಿಂದಿದ್ದೇನೆ, ಯಾವ ಕಾಲೇಜು, ಎಲ್ಲ ನೋಡಿಕೊಳ್ಳುತ್ತೇನೆ ಎಂದು. ಸಾದಿಕ್ ಮಾತ್ರ ಪ್ಲೇಯರ್ ಹಿಡಿದ ಕೈಯನ್ನು ತೊಡೆಗೆ ಆನಿಸಿ ಕೆಳಗೆ ನೋಡುತ್ತ ನಿಂತ. ಅವನ ಮುಖದಲ್ಲಿ ಸಿಟ್ಟಿಗಿಂತ ಹೆಚ್ಚಾಗಿ, ಕಟ್ಟಿಸಿದವರನ್ನೂ ಬಿಚ್ಚಿಸಿದವರನ್ನೂ ಒಟ್ಟಿಗೆ ನೋಡಿದ ತಮಾಷೆಯಿತ್ತು. ನಾನು ಬೈಸಿಕೊಳ್ಳುತ್ತಲೇ ಇದ್ದೆ. ಬೈಗುಳ ನಿಂತರೆ ಅವನು ಮತ್ತೆ ಮೇಲೆ ನೋಡುತ್ತಾನೆಂದು, ಮಾತಿಗೆ ಮಾತು ಸೇರಿಸುತ್ತ ಹೋದೆ. ಕಣ್ಣು ಮಾತ್ರ ರಸ್ತೆಯಾಚೆ ಹೊಲದ ಪಂಪಿನ ಪೈಪಿನ ಮೇಲಿತ್ತು. ಎಲ್ಲ ಪಂಪಿಗೂ ತಾನಾಗಿ ಚಾಲೂ ಆಗುವ ಸ್ಟಾರ್ಟರ್ ಇರುತ್ತದೆ. ಕರೆಂಟು ಬಂದ ಗಳಿಗೆ ನೀರು ಬೀಳುತ್ತದೆ. ಫೋನಿನಲ್ಲಿ ನಾಲ್ಕು ಗಂಟೆಯಾಯಿತು. ಪೈಪು ಒಣಗಿಯೇ ಇತ್ತು. ನಾಲ್ಕು ಒಂದು. ನಾಲ್ಕು ಎರಡು.

ಫೋನು ಬಂತು. ಸ್ಪೀಕರಿಗೆ ಹಾಕು ಎಂದರು ಪಾಲಯ್ಯ. ಹಿಂದೆ ಬಸ್ಸಿನ ಸದ್ದು, ಯಾರದೋ ಮಗುವಿನ ಅಳು.

“ಲೇ ಸಾದಿಕ್ಕ. ನಾನು ಪಾಲಯ್ಯ. ಸ್ಟೇಷನ್ನಾಗೆ ಹುಡ್ಗ ನನ್ನ ಮಾತಿಗೆ ಆರು ನಿಮಿಷ ಕರೆಂಟು ತಡದವ್ನೆ. ಎರಡು ಆಗ್ಲೇ ಹೋಯ್ತು. ಚೌಕಟ್ಟು ಅಲ್ಲೇ ಬಿಟ್ಟು ಬರೀಗೈಲಿ ಇಳಿ.”

ಸಾದಿಕ್ಕನ ನಗು ನಿಂತಿತು. ಚೌಕಟ್ಟಿನಿಂದ ಕೈಯನ್ನು ಬಿಸಿ ಪಾತ್ರೆಯಿಂದ ತೆಗೆದಂತೆ ತೆಗೆದ. ಒಂದೊಂದೇ ಮೆಟ್ಟಿಲು ಇಳಿದ. ನಾನು ನೋಡುತ್ತಲೇ ಇದ್ದೆ. ಈಗ ಬರೆಯುವಾಗಲೂ ಆ ಮೆಟ್ಟಿಲುಗಳನ್ನು ಎಣಿಸುತ್ತಿದ್ದೇನೆ, ಹದಿನಾಲ್ಕು. ಅವನ ಕಾಲು ನೆಲ ಮುಟ್ಟಿದ ಕೂಡಲೇ, ಇಳಿದ, ಸ್ಟೇಷನ್ನಿನವರಿಗೆ ಹೇಳಿಬಿಡಿ ಎಂದೆ.

“ನೀನು ಹೇಳಂಗಿಲ್ಲ. ಅವನ ಬಾಯಿಂದ ಕೇಳ್ಬೇಕು.”

“ಕೆಳಗೈದೀನಿ ಪಾಲಣ್ಣ,” ಎಂದ ಸಾದಿಕ್.

ಚೌಕಟ್ಟು ಇನ್ನೂ ನೇತಾಡುತ್ತಿದೆಯೇ ಎಂದು ಪಾಲಯ್ಯ ಕೇಳಿದರು. ಹೌದೆಂದೆ. ಇನ್ನಷ್ಟು ಹೊತ್ತು ತಡೆಯಲು ತನಗೆ ಈಗ ಅಧಿಕಾರವಿಲ್ಲ, ಡ್ಯೂಟಿಯ ಲೈನ್‌ಮನ್ ಬೇರೆ ಊರಿನಲ್ಲಿದ್ದಾನೆ, ಎಲ್ಲರೂ ಐವತ್ತು ಹೆಜ್ಜೆ ಆಚೆ ಹೋಗಿ, ಏಣಿ ಮುಟ್ಟಬೇಡಿ ಎಂದರು. ಬಿಳಿ ಅಂಗಿಯವನೂ ಬೈಗುಳ ಮರೆತು ಬಂದ. ನಾವು ಹೊಂಗೆ ಮರ ದಾಟುವಷ್ಟರಲ್ಲಿ ಹೊಲದ ಪೈಪು ಒಮ್ಮೆ ಕೆಮ್ಮಿ ನೀರು ಉಗುಳಿತು. ಸಣ್ಣದೊಂದು ಗಾಳಿ ಬಂತು. ವಾಲಿದ್ದ ಚೌಕಟ್ಟು ತಿರುಗಿ ತಂತಿಗೆ ಮುತ್ತಿಟ್ಟಿತು. ಪಟಾಕಿಯಂಗಡಿಗೆ ಬೆಂಕಿ ಬಿದ್ದಂಥ ಸದ್ದು, ನೀಲಿ ಬೆಳಕು, ಆಮೇಲೆ ಫ್ಲೆಕ್ಸು ಹೊಗೆಯಾಡಿಕೊಂಡು ಕರಗಿ ಇಳಿಯಿತು. ಪೈಪಿನ ನೀರು ನಿಂತಿತು. ಲೈನು ಟ್ರಿಪ್ ಆಗಿ ಕರೆಂಟು ಹೋಗಿತ್ತು. ಸಾದಿಕ್ ರಸ್ತೆಯ ಮೇಲೆಯೇ ಕೂತು ಎಡಗೈಯನ್ನು ಮಡಿಲಲ್ಲಿಟ್ಟುಕೊಂಡು ನೋಡತೊಡಗಿದ. “ಯಾ ಅಲ್ಲಾ,” ಎಂದು ಮೆಲ್ಲಗೆ ಒಂದೇ ಸಲ ಅಂದ.

ಪಾಲಯ್ಯ ಬಸ್ ನಿಲ್ದಾಣದಿಂದ ಆಟೋ ಹಿಡಿದು ಬಂದರು. ಮೊದಲು ಸಾದಿಕ್ಕನ ಪಕ್ಕ ಕೂತು ಅವನಿಗೆ ನೀರು ಕುಡಿಸಿದರು. ನನ್ನ ಹತ್ತಿರ ಬಂದಾಗ ನಾನು ಬೈಸಿಕೊಳ್ಳಲು ಸಿದ್ಧಳಾಗಿದ್ದೆ. ಅವರು ನಾನು ಫೋನಿನಲ್ಲಿ ತೆಗೆದಿಟ್ಟುಕೊಂಡಿದ್ದ ಫ್ಲೆಕ್ಸಿನ ಇನ್ನೊಂದು ಫೋಟೊ ನೋಡಿ, “ಚೆನ್ನಾಗಿ ಬಂದೈತೆ. ಕಂಬದ ನಂಬರಿಲ್ಲ,” ಎಂದರು. ಅಷ್ಟೆ. ಆಪರೇಟರ್ ಹುಡುಗನಿಗೆ ತಡ ಮಾಡಿದ್ದಕ್ಕೆ ಮೆಮೊ ಬಂತು. ಪಾಲಯ್ಯ ತಾವೇ ಹೋಗಿ ಅವನ ಮೇಲಧಿಕಾರಿಯ ಮುಂದೆ ಒಂದು ಮಧ್ಯಾಹ್ನವೆಲ್ಲ ನಿಂತು, ಅದು ತನ್ನ ತಪ್ಪೆಂದು ಬರೆದುಕೊಟ್ಟು ಬಂದರು.

ಬಿಳಿ ಅಂಗಿಯವನು ಎರಡು ದಿನ ಬಿಟ್ಟು ನನ್ನ ನಂಬರು ಹುಡುಕಿ ಫೋನು ಮಾಡಿದ. “ಮೇಡಮ್ಮೋರೆ, ಈಗಾದ್ರೂ ಹೇಳಿ, ನೀವು ಯಾರ ಕಡೆಯೋರು?” ನಾನು ಪಾಲಯ್ಯನವರ ಜಗಲಿಯಲ್ಲೇ ಕೂತಿದ್ದೆ. ಅವರು ಫೋನು ತೆಗೆದುಕೊಂಡು, “ಕಂಬದ ಕಡೆಯೋರು,” ಎಂದು ಹೇಳಿ ಇಟ್ಟರು. ಮತ್ತೆ ಅವನು ಫೋನು ಮಾಡಲಿಲ್ಲ.

ಆದರೂ ನನಗೆ ನಿದ್ದೆ ಬರಲಿಲ್ಲ. ಕಣ್ಣು ಮುಚ್ಚಿದರೆ ಪೈಪಿನಿಂದ ನೀರು ಬೀಳುತ್ತಿತ್ತು, ಸಾದಿಕ್ ಇನ್ನೂ ಮೇಲೆಯೇ ಇರುತ್ತಿದ್ದ. ಒಬ್ಬ ಮನುಷ್ಯನ ಜೀವ ಹೋಗಲು ನನ್ನ ಹೆಬ್ಬೆರಳು ಸಾಕಾಗುತ್ತಿತ್ತು. ತರಗತಿಯಲ್ಲಿ ಅವನ ಮಗಳು ಎದ್ದು ನಿಂತು ಪ್ರಶ್ನೆ ಕೇಳಿದರೆ ಉತ್ತರ ಮರೆಯುತ್ತಿದ್ದೆ. ಅಂಜಿನಮ್ಮ ದೃಷ್ಟಿ ತೆಗೆದರು, ಗೌರಸಮುದ್ರದ ಅಮ್ಮನಿಗೆ ಹರಕೆ ಹೊತ್ತರು. ಪಾಲಯ್ಯ ನನ್ನ ಕಣ್ಣಿನ ಕೆಳಗಿನ ಕಪ್ಪನ್ನು ನೋಡುತ್ತಿದ್ದರು.

ಮತದಾನ ಮುಗಿದ ಮೂರನೆಯ ದಿನ ಬೆಳಿಗ್ಗೆ ಬಂದು, ನಡಿ ಎಂದರು. ನನ್ನ ಸ್ಕೂಟರಿನ ಹಿಂದೆ ಕೂತು ಅದೇ ಕಂಬಕ್ಕೆ ಕರೆದುಕೊಂಡು ಹೋದರು. ಸುಟ್ಟ ಚೌಕಟ್ಟನ್ನು ಆವತ್ತೇ ಇಳಿಸಿದ್ದರು, ಕಟ್ಟಿದ್ದ ತಂತಿಯ ತುಂಡುಗಳು ಮಾತ್ರ ಉಳಿದಿದ್ದವು. ಈಗಿನ ಲೈನ್‌ಮನ್ ತಿಪ್ಪೇಶಿ ಕಾಯುತ್ತಿದ್ದ. ಅವನು ಸ್ಟೇಷನ್ನಿಗೆ ಫೋನು ಮಾಡಿ ಲೈನ್ ಕ್ಲಿಯರ್ ಕೇಳಿದ. ಆ ಕಡೆಯಿಂದ ನಂಬರು ಬಂತು.

“ನೀನು ಬರ್ಕೊ,” ಎಂದು ಪಾಲಯ್ಯ ತಮ್ಮ ನೋಟ್‌ಬುಕ್ಕನ್ನು ನನಗೆ ಕೊಟ್ಟರು. ಬರೆದುಕೊಂಡೆ. ತಿಪ್ಪೇಶಿ ತಿರುಗಿ ಓದಿ ಹೇಳಿದ. ಉದ್ದನೆಯ ಕೋಲಿನಿಂದ ತಂತಿಗೆ ಅರ್ಥಿಂಗ್ ಸಿಕ್ಕಿಸಿದ, ಅಕಸ್ಮಾತ್ ಕರೆಂಟು ಬಂದರೂ ನೆಲಕ್ಕೆ ಇಳಿದುಹೋಗುವಂತೆ. ಪಟ್ಟಿ ಬಿಗಿದು, ಎರಡು ಸಲ ಎಳೆದು ನೋಡಿ, ಹತ್ತಿದ. ತುಂಡುಗಳನ್ನೆಲ್ಲ ಕತ್ತರಿಸಿ ಜೇಬಿಗೆ ಹಾಕಿಕೊಂಡು ಇಳಿದ. ಅರ್ಥಿಂಗ್ ತೆಗೆದ. ತನ್ನನ್ನೂ ಸೇರಿಸಿ ನಮ್ಮ ಮೂವರನ್ನೂ ಬೆರಳಿಟ್ಟು ಎಣಿಸಿದ. ಆಮೇಲೆ ಫೋನು ಮಾಡಿ, ಅದೇ ನಂಬರು ಹೇಳಿ, ತನ್ನ ಹೆಸರು ಹೇಳಿ, ವಾಪಸ್ಸು ಕೊಟ್ಟ. ಇಡೀ ಕೆಲಸ ಚಹಾ ಕುಡಿದು ಮುಗಿಸುವಷ್ಟು ಹೊತ್ತು. ಅವಸರವಿಲ್ಲ, ಕೂಗಾಟವಿಲ್ಲ. ಹೊಲದ ಪೈಪಿನಲ್ಲಿ ನೀರು ಬಂದಾಗ ನಾನು ಬೆಚ್ಚಿದೆ. ಮೇಲೆ ನೋಡಿದೆ, ಕಂಬದಲ್ಲಿ ಯಾರೂ ಇರಲಿಲ್ಲ. ಇನ್ನೊಂದು ಸಲ ನೋಡಿದೆ.

“ಎಷ್ಟು ಸಲ ನೋಡಿದ್ರೂ ಅಷ್ಟೇಯ,” ಎಂದರು ಪಾಲಯ್ಯ. “ಎಲ್ಲಾ ಕೆಳಗೇ ಐದಾರೆ.”

ಮನೆಗೆ ಬಂದು ಊಟ ಮಾಡಿದೆ. ಅವರ ಮನೆಯಲ್ಲಿ ಸಾಮಾನು ಕಟ್ಟುತ್ತಿದ್ದರು. ಮೊಳಕಾಲ್ಮುರಿನ ಮನೆ ಗೊತ್ತಾಗಿ, ಮರುದಿನ ಬೆಳಗಿನ ಆರಕ್ಕೆ ಟೆಂಪೋ ಬರುವುದಿತ್ತು. ಐದೂವರೆಗೇ ಬಂದು ಒಲೆ ಹಚ್ಚಿ ಕಾಫಿ ಕೊಟ್ಟು ಕಳಿಸುತ್ತೇನೆಂದು ಅಂಜಿನಮ್ಮನಿಗೆ ಮಾತು ಕೊಟ್ಟು ಬಂದು ಮಲಗಿದೆ.

ಎಚ್ಚರವಾದಾಗ ಬಿಸಿಲು ಹಾಸಿಗೆಯ ಮೇಲಿತ್ತು. ಗಂಟೆ ಎಂಟೂವರೆ. ಓಡಿ ಬಾಗಿಲು ತೆರೆದೆ. ಎದುರುಮನೆಗೆ ಬೀಗ ಬಿದ್ದಿತ್ತು, ಜಗಲಿ ಗುಡಿಸಿ ಬಿಟ್ಟಿದ್ದರು. ಹಾಲಿನ ರತ್ನಮ್ಮ ಇನ್ನೂ ಬೀದಿಯಲ್ಲೇ ಇದ್ದಳು. ಅಂಜಿನಮ್ಮ ನನ್ನ ಬಾಗಿಲು ತಟ್ಟಲು ಬಂದಿದ್ದರಂತೆ. ಹೇಳಿ ಹೋಗದಿದ್ದರೆ ಹೇಗೆ ಎಂದು ಎರಡು ಭಾಷೆಯಲ್ಲೂ ಜಗಳ ತೆಗೆದರಂತೆ. ಪಾಲಯ್ಯ ನನ್ನ ಕಿಟಕಿಯ ಹತ್ತಿರ ಸ್ವಲ್ಪ ಹೊತ್ತು ನಿಂತು ನನ್ನ ಉಸಿರಾಟ ಕೇಳಿಸಿಕೊಂಡು, ಹೆಂಡತಿಯ ಕೈ ಹಿಡಿದು ಟೆಂಪೋದ ಕಡೆ ಕರೆದುಕೊಂಡು ಹೋದರಂತೆ.

“ಮೇಷ್ಟ್ರಮ್ಮ ನಿದ್ದೆ ಮಾಡ್ತೈತೆ. ಯಾರೂ ಎಬ್ಬಿಸ್ಬ್ಯಾಡಿ,” ಎಂದು ಹಾಲಿನವಳಿಗೂ ಹೇಳಿ ಹೋಗಿದ್ದರು.